ಬಾರಿನ ಗೋಡೆಯ ಮೇಲೆ ನಮ್ಮ ಶಾಲೆ



ಎರಡು ತಿಂಗಳಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತೆಂಬುದು ಒಂದು ಕಾರಣ. ಬರೆಯಬೇಕೆಂದುಕೊಂಡ ವಿಷಯ ನಿಮ್ಮಲ್ಲಿ ಕೆಲವರನ್ನು ನೋಯಿಸೀತೆಂಬ ಅಳುಕು ಇನ್ನೊಂದು ಕಾರಣ. ಮೊದಲನೆಯದು ವಾಸಿಯಾಗಿದೆ. ಎರಡನೆಯದನ್ನು ಹಾಗೆಯೇ ಒಳಗಿಟ್ಟುಕೊಂಡು ಸುಮ್ಮನಿದ್ದುಬಿಡೋಣವೆಂದಿದ್ದೆ. ಆದರೆ ಕಳೆದ ವಾರ ೧೯೯೧ರ ಎಸ್ಸೆಸ್ಸೆಲ್ಸಿ ತಂಡದ ಇಬ್ಬರು ಹಣ್ಣಿನ ಬುಟ್ಟಿಯೊಂದಿಗೆ ಮನೆಗೆ ಬಂದು, "ಸಾರ್, ಈ ಸಲದ ಗುರುವಂದನೆಗೂ ಅದೇ ಜಾಗ ಬುಕ್ ಮಾಡ್ತಿದೀವಿ, ನೀವು ಬರಲೇಬೇಕು" ಎಂದರು. ಬರುವುದಿಲ್ಲವೆಂದೆ. ಯಾಕೆಂದು ಕೇಳಿದರು. ಬಂದ ಅತಿಥಿಗಳ ಮುಂದೆ ಕಾಫಿ ಆರಿಸಿಕೊಂಡು ಕುಡಿಯುತ್ತ ಹೇಳಿ ಮುಗಿಸುವ ಮಾತು ಅದಾಗಿರಲಿಲ್ಲ; ಇಲ್ಲಿ ಹೇಳುತ್ತಿದ್ದೇನೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಿಬಿಡುತ್ತೇನೆ. ನಾನು ಕುಡಿಯುವವನಲ್ಲ, ಆದರೆ ಕುಡಿಯುವವರನ್ನು ಕಂಡು ಮೂಗು ಮುರಿಯುವವನೂ ಅಲ್ಲ. ಐವತ್ತರ ಅಂಚಿನಲ್ಲಿರುವ ಗಂಡಸರು ವರ್ಷಕ್ಕೊಂದು ಸಂಜೆ ಹಳೆಯ ಸ್ನೇಹಿತರೊಡನೆ ಕುಳಿತು ನಕ್ಕರೆ ನಾಡು ಮುಳುಗುವುದಿಲ್ಲ. ಈ ಲೇಖನವನ್ನು ಪಾನನಿರೋಧದ ಭಾಷಣವೆಂದು ಯಾರೂ ಓದಬಾರದು.

ಕಳೆದ ಡಿಸೆಂಬರಿನ ಆ ಸಂಜೆಯ ಜಾಗದ ಹೆಸರು ಬೇಡ. ತುಮಕೂರಿನ ಹೊರವಲಯದಲ್ಲಿ, ಹೆದ್ದಾರಿಯಿಂದ ತುಸು ಒಳಗೆ ಇರುವ ಹೋಟೆಲು. ಕೆಳಗೆ ರೆಸ್ಟೋರೆಂಟು, ಮೇಲೆ ಬಾರು, ಹಿಂಬದಿಯಲ್ಲಿ ಹಾಡು-ಕುಣಿತಕ್ಕೆಂದು ತೆರೆದ ಅಂಗಳ. ಒಳಗೆ ಕಾಲಿಟ್ಟೊಡನೆ ನನಗೆ ಖುಷಿಯೇ ಆಯಿತೆಂದು ಒಪ್ಪಿಕೊಳ್ಳಬೇಕು. ಚಾವಣಿಯಿಂದ ಬಣ್ಣಬಣ್ಣದ ಕೊಡೆಗಳನ್ನು ತಲೆಕೆಳಗಾಗಿ ತೂಗುಬಿಟ್ಟಿದ್ದರು. ಎತ್ತಿನ ಗಾಡಿಯ ಚಕ್ರವೊಂದು ದೀಪದ ಗೊಂಚಲಾಗಿತ್ತು. ಬೀಸುವ ಕಲ್ಲಿನ ಮೇಲೆ ಗಾಜು ಹಾಸಿ ಮೇಜು ಮಾಡಿದ್ದರು. ಹಳೆಯ ಸ್ಕೂಟರೊಂದನ್ನು ಅರ್ಧಕ್ಕೆ ಕತ್ತರಿಸಿ, ಗೋಡೆ ಸೀಳಿಕೊಂಡು ಹೊರಬರುತ್ತಿರುವಂತೆ ಅಂಟಿಸಿದ್ದರು. ಕೈ ತೊಳೆಯುವಲ್ಲಿ ತಾಮ್ರದ ಹಂಡೆ, ಅದರ ಮೇಲೆ ನೀರೆತ್ತುವ ಕೈಪಂಪು! ಮಕ್ಕಳು ಆ ಪಂಪನ್ನು ಒತ್ತಲು ಸರದಿಯಲ್ಲಿ ನಿಂತಿದ್ದವು. ಶೌಚಾಲಯವಂತೂ ನಮ್ಮ ಜಿಲ್ಲೆಯ ಯಾವ ಬಸ್ ನಿಲ್ದಾಣದಲ್ಲೂ ನಾನು ಕಾಣದಷ್ಟು ಶುಚಿ. ಇವೆಲ್ಲವನ್ನೂ ಮಾಡಿದವರಿಗೆ ಜನರನ್ನು ಸಂತೋಷಪಡಿಸಬೇಕೆಂಬ ಆಸೆ ಇದ್ದುದು ನಿಜ.

ಕುಣಿಗಲ್ಲಿಗೂ ಒಂದು ಮೂಲೆ ಮೀಸಲಾಗಿತ್ತು. ಕುದುರೆಯ ಲಾಳ, ಜೀನು, ಒಂದು ದೊಡ್ಡ ಕುದುರೆಯ ಚಿತ್ರ. ಹೈದರ್-ಟಿಪ್ಪು ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂ ನಮ್ಮ ಕಾಲದಲ್ಲಿ ಮದ್ಯೋದ್ಯಮಿಯೊಬ್ಬರ ಸಮೂಹದ ಗುತ್ತಿಗೆಗೆ ಹೋಗಿತ್ತು. ಆ ಲೆಕ್ಕದಲ್ಲಿ ಬಾರಿನಲ್ಲಿ ಕುದುರೆ ಇರುವುದು ನ್ಯಾಯವೇ ಎಂದು ನನ್ನಷ್ಟಕ್ಕೆ ನಕ್ಕೆ. ಪಕ್ಕದಲ್ಲೇ ಕುಣಿಗಲ್ ಕೆರೆಯ ಜನಪದ ಹಾಡಿನ ಮೊದಲ ಸಾಲನ್ನು ಬರೆಸಿ, 'ಮೂಡಲ್' ಎಂಬುದನ್ನು 'ಮೂಡಳ್' ಮಾಡಿದ್ದರು. ಮೂವತ್ತಾರು ವರ್ಷ ಕೆಂಪು ಶಾಯಿ ಹಿಡಿದ ಕೈ ಸುಮ್ಮನಿರುವುದಿಲ್ಲ. ಜೇಬಿನಲ್ಲಿ ಪೆನ್ನಿಗಾಗಿ ತಡಕಾಡಿದೆ ಕೂಡ. ಇನ್ನೊಂದು ಗೋಡೆಯಲ್ಲಿ ಕರಾವಳಿಯ ಯಕ್ಷಗಾನದ ಕಿರೀಟ. ತುಮಕೂರು ಸೀಮೆಯದು ಮೂಡಲಪಾಯ. ಅದರ ಭಾಗವತರು, ವೇಷಧಾರಿಗಳು ನಮ್ಮ ತಿಪಟೂರು ಕಡೆ ಇನ್ನೂ ಇದ್ದಾರೆ. ಮನೆಯ ಬಾಗಿಲಲ್ಲಿರುವ ಆಟವನ್ನು ಬಿಟ್ಟು ಮುನ್ನೂರು ಕಿಲೋಮೀಟರ್ ಆಚೆಯ ಕಿರೀಟವನ್ನು ತಂದು ನೇತುಹಾಕಿದವರಿಗೆ ಬೇಕಾಗಿದ್ದುದು ಯಕ್ಷಗಾನವಲ್ಲ, ಬಣ್ಣ. ಇರಲಿ.

ನಮ್ಮ ಕೂಟಕ್ಕೆ ಗೊತ್ತುಮಾಡಿದ್ದುದು ಮಹಡಿಯ ಮೇಲಿನ ಹಾಲು. ಅದರ ಹೆಸರು 'ಶಾಲೆ'. "ಸಾರ್, ನಿಮಗೋಸ್ಕರಾನೇ ಇದನ್ನ ಹುಡುಕಿದ್ದು" ಎಂದು ನನ್ನ ಕೈಹಿಡಿದು ಕರೆದೊಯ್ದರು. ಒಂದು ಗೋಡೆಯ ತುಂಬ ಕಪ್ಪು ಹಲಗೆ. ಮಸಿ ಕುಡಿಕೆ ಇಡಲು ಕುಳಿಯಿರುವ ಹಳೆಯ ಡೆಸ್ಕುಗಳು. ಯಾವುದೋ ಸರ್ಕಾರಿ ಶಾಲೆಯ ಹರಾಜಿನಲ್ಲಿ ಬಂದವಿರಬೇಕು, ಒಂದರ ಮೇಲೆ ಕೈವಾರದ ಮೊನೆಯಿಂದ ಕೊರೆದ ಹೆಸರು ಇನ್ನೂ ಇತ್ತು. ತಿಂಡಿಯ ಪಟ್ಟಿಯನ್ನು ಸ್ಲೇಟಿನ ಮೇಲೆ ಬರೆದಿದ್ದರು. ಪಾನೀಯದ ಪಟ್ಟಿ ಹಾಜರಿ ಪುಸ್ತಕದ ರೂಪದಲ್ಲಿತ್ತು. ಒಂದರ ಹೆಸರು 'ನಪಾಸು', ಮತ್ತೊಂದರದು 'ಹೆಡ್‌ಮಾಸ್ಟರ್'. ಬಾಗಿಲ ಬಳಿ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದರು, ನಮ್ಮ ಶಾಲೆಯ ಗಂಟೆಯ ಹಾಗೆಯೇ. ಮೊದಲ ಸುತ್ತು ಶುರುವಾಗುವ ಮುನ್ನ ಮುಖ್ಯ ಅತಿಥಿ ಅದನ್ನು ಬಾರಿಸಬೇಕಂತೆ. ನಾನು ಬಾರಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ತಟ್ಟೆ-ಲೋಟ ಹಿಡಿದು ಬಂದ ಹುಡುಗರನ್ನು ನೋಡಿದ್ದು ಆಮೇಲೆ. ಇಪ್ಪತ್ತು-ಇಪ್ಪತ್ತೊಂದು ವಯಸ್ಸಿನ ಯುವಕರಿಗೆ ಖಾಕಿ ಚಡ್ಡಿ, ಬಿಳಿ ಅಂಗಿ, ಹೆಗಲಿಗೆ ಬಟ್ಟೆಯ ಚೀಲ. ಒಬ್ಬನ ಅಂಗಿಗೆ ಬೇಕೆಂದೇ ತೇಪೆ ಹಾಕಿಸಿದ್ದರು. ಆ ತೇಪೆ ಬೇರೆ ಬಣ್ಣದ ಹೊಸ ಬಟ್ಟೆಯದು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಗುಬ್ಬಿ ತಾಲ್ಲೂಕಿನ ಹಳ್ಳಿಗಳಿಂದ ಬರಿಗಾಲಲ್ಲಿ ನಡೆದು ಬರುತ್ತಿದ್ದ ಮಕ್ಕಳ ಪೈಕಿ ಹಲವರಿಗೆ ಇದ್ದುದು ಒಂದೇ ಚಡ್ಡಿ. ಶನಿವಾರ ಮಧ್ಯಾಹ್ನ ಒಗೆದು ಭಾನುವಾರವೆಲ್ಲ ಟವಲು ಸುತ್ತಿಕೊಂಡು ಕುಳಿತಿರುತ್ತಿದ್ದರು. ಹಿಂಬದಿ ಹರಿದ ಚಡ್ಡಿಯನ್ನು ಮುಚ್ಚಲು ಸ್ಲೇಟನ್ನು ಬೆನ್ನ ಹಿಂದೆ ಹಿಡಿದು ನಡೆಯುತ್ತಿದ್ದ ಹುಡುಗನೊಬ್ಬ ಆ ಸಂಜೆ ಅದೇ ಹಾಲಿನಲ್ಲಿ, ಬೆಲೆಬಾಳುವ ಷರಟು ತೊಟ್ಟು, ನನ್ನ ಪಕ್ಕದಲ್ಲೇ ಕುಳಿತಿದ್ದ. ಅವನೂ ನಗುತ್ತಿದ್ದ. ಅವನ ನಗುವನ್ನು ನಾನು ತಪ್ಪೆನ್ನುವುದಿಲ್ಲ. ತನ್ನ ಕಷ್ಟವನ್ನು ನೋಡಿ ನಗುವ ಹಕ್ಕು ಅವನಿಗುಂಟು. ಆದರೆ ತೇಪೆಯ ಅಂಗಿ ತೊಟ್ಟು ಬಡಿಸುತ್ತಿದ್ದ ಹುಡುಗನಿಗೆ ಆ ನಗುವಿನಲ್ಲಿ ಪಾಲಿರಲಿಲ್ಲ. ಊರು ಯಾವುದಪ್ಪಾ ಎಂದೆ. ಕುಣಿಗಲ್ ತಾಲ್ಲೂಕೆಂದ. ಡಿಪ್ಲೊಮಾ ಎರಡನೆಯ ವರ್ಷಕ್ಕೆ ಬಿಟ್ಟನಂತೆ. "ಬೇರೇನಿಲ್ಲ ಸಾರ್, ರಾತ್ರಿ ಹೊರಗಡೆ ಅಂಗಳದಲ್ಲಿ ಸಪ್ಲೈ ಮಾಡುವಾಗ ಮಂಡಿ ಚಳಿಗೆ ಹಿಡ್ಕೊಳ್ತದೆ" ಎಂದು ನಕ್ಕ.

ಅದೇ ಮಹಡಿಯ ಮೆಟ್ಟಿಲ ಬಳಿ 'ಸರ್ಕಾರಿ ಸಾರಾಯಿ ಅಂಗಡಿ' ಎಂಬ ತುಕ್ಕು ಹಿಡಿದ ತಗಡಿನ ಬೋರ್ಡು ಇತ್ತು. ಸಾರಾಯಿಯನ್ನು ನಮ್ಮ ಸರ್ಕಾರ ೨೦೦೭ರ ಜುಲೈ ೧ರಿಂದ ನಿಷೇಧಿಸಿತು. ನಿಷೇಧಕ್ಕಾಗಿ ಹಳ್ಳಿಹಳ್ಳಿಗಳಲ್ಲಿ ಹೆಂಗಸರು ಬೀದಿಗಿಳಿದಿದ್ದರು. ಕೂಲಿಯವನು ಪೊಟ್ಟಣದಿಂದ ಕುಡಿದರೆ ಅದು ಸಮಾಜದ ಪಿಡುಗು. ಪೊಟ್ಟಣದ ಅಂಗಡಿ ಮುಚ್ಚಿದ ಮೇಲೆ ಅದರ ಬೋರ್ಡನ್ನು ತಂದು ಹವಾನಿಯಂತ್ರಿತ ಗೋಡೆಗೆ ಹೊಡೆದರೆ ಅದು ಅಲಂಕಾರ! ಈ ಲೆಕ್ಕ ನನಗೆ ಬಿಡಿಸಲಾಗಲಿಲ್ಲ.

ಊಟಕ್ಕೆ ಮೊದಲು ಒಂದು ತಮಾಷೆ ಏರ್ಪಡಿಸಿದ್ದರು. ತರಗತಿಯ ಹಳೆಯ ಹೆಸರುಪಟ್ಟಿಯನ್ನು ಯಾರೋ ಸಂಪಾದಿಸಿ ತಂದಿದ್ದರು. ನಾನು ಹಾಜರಿ ಕೂಗಬೇಕು, ಅವರು "ಹಾಜರ್ ಸಾರ್" ಎನ್ನಬೇಕು. ೪೩ ಹೆಸರುಗಳು. ಕೂಗಿದೆ. ಮೊದಲ ಹತ್ತು ಹೆಸರಿಗೆ ನಗುವೋ ನಗು. ಆಮೇಲಾಮೇಲೆ ನಾನು ಹೆಸರು ಕೂಗಿದಂತೆಲ್ಲ ನಿಶ್ಶಬ್ದ. ಮೂಲೆಯಿಂದ ಒಂದು ದನಿ "ಆಬ್ಸೆಂಟ್ ಸಾರ್" ಎನ್ನುವುದು, ಮತ್ತೆ ನಗು. ಕೊನೆಗೆ ಲೆಕ್ಕ ಹಾಕಿದರೆ ಬಂದವರು ೧೯ ಜನ. ತರಗತಿಯಲ್ಲಿ ೧೬ ಹೆಣ್ಣುಮಕ್ಕಳಿದ್ದರು. ಅವರಲ್ಲಿ ಬಂದಿದ್ದುದು ಒಬ್ಬಳೇ. ಶಾಲು ಹೊದಿಸುವ ಶಾಸ್ತ್ರ ಮುಗಿದ ಕೂಡಲೇ, ಏಳು ಗಂಟೆಗೆಲ್ಲ, ನನ್ನ ಕಾಲಿಗೆ ನಮಸ್ಕರಿಸಿ ಹೊರಟುಹೋಗಿದ್ದಳು. ಇಬ್ಬರು ಗಂಡುಮಕ್ಕಳು ಈಗ ಇಲ್ಲ. ಉಳಿದ ೨೨ ಜನ ಎಲ್ಲಿ?

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದ ದಿನಗಳಲ್ಲಿ ಮೊಮ್ಮಗಳ ಕೈಯಿಂದ ನಂಬರು ಒತ್ತಿಸಿ ಒಬ್ಬೊಬ್ಬರಿಗಾಗಿ ಫೋನು ಮಾಡಿದೆ. ೧೭ ಜನ ಸಿಕ್ಕಿದರು. ಒಬ್ಬನೂ ಸಿಟ್ಟಿನಿಂದ ಮಾತನಾಡಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವನೊಬ್ಬ, "ತಲೆಗೆ ಎರಡೂವರೆ ಸಾವಿರ ಅಂದ್ರು ಸಾ. ಅಷ್ಟಿದ್ರೆ ಮಗಳ ಫೀಸಿಗೆ ಕಟ್ತೀನಲ್ಲ" ಎಂದ. ಮತ್ತೊಬ್ಬ ಮೂರು ವರ್ಷದ ಹಿಂದೆ ಬಹಳ ಕಷ್ಟಪಟ್ಟು ಕುಡಿತ ಬಿಟ್ಟವನು. "ಆ ವಾಸನೆ ಇರೋ ಕಡೆ ಕಾಲಿಡೋಕೆ ಭಯ ಸಾರ್" ಎಂದ. ಗುಬ್ಬಿಯಲ್ಲಿ ಟೈಲರಿಂಗ್ ಮಾಡುವ ಹೆಣ್ಣುಮಗಳು, "ಗುರುವಂದನೆ ಬಾರಲ್ಲಿ ಅಂತ ಮನೇಲಿ ಹೆಂಗ್ ಹೇಳ್ಲಿ ಸಾರ್?" ಎಂದಳು. ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿರುವ ಇನ್ನೊಬ್ಬಳ ಉತ್ತರ ಬೇರೆ. "ಸಾರ್, ಬಾರಿಗೆ ನಾನೂ ಹೋಗ್ತೀನಿ. ಆದರೆ ನಮ್ಮ ಕ್ಲಾಸಿನ ಗಂಡುಹುಡುಗರ ಜೊತೆ ಮಾತ್ರ ಬೇಡ!" ನಾನೂ ನಕ್ಕೆ.

ಈಗ ನನ್ನ ಆರೋಪ ಏನೆಂಬುದು ನಿಮಗೆ ತಿಳಿಯಿತು. ಶಾಲೆಯ ಹೆಸರಿನ ಹಾಲೊಂದರಲ್ಲಿ, ಶಾಲೆಯ ಡೆಸ್ಕಿನ ಮೇಲೆ, ಶಾಲೆಯ ಗಂಟೆ ಬಾರಿಸಿ, ತರಗತಿಯ ಅರ್ಧಕ್ಕಿಂತ ಹೆಚ್ಚು ಜನರನ್ನು ಹೊರಗಿಟ್ಟಿರಿ. ಬೇಕೆಂದು ಮಾಡಿದ್ದಲ್ಲ, ಬಲ್ಲೆ. ನಿಜವಾದ ಶಾಲೆಗೆ ೪೩ ಜನವೂ ಬರುತ್ತಿದ್ದರು. ಸಾಹುಕಾರರ ಮಗನೂ ಜೀತದಾಳಿನ ಮಗನೂ ಒಂದೇ ಬೆಂಚಿನಲ್ಲಿ ಕೂರುವಂತೆ ಮಾಡಲು ನಮ್ಮ ಹಿಂದಿನ ತಲೆಮಾರಿನ ಮೇಷ್ಟ್ರುಗಳು ಊರವರ ಬೈಗುಳ ತಿಂದಿದ್ದಾರೆ. ಆ ಬೆಂಚು ಈಗ ಹರಾಜಿನಲ್ಲಿ ಬಂದು, ಅದರ ಮೇಲೆ ಕೂರಲು ಎರಡೂವರೆ ಸಾವಿರ ರೂಪಾಯಿ.

"ಮೇಷ್ಟ್ರೇ, ನಿಮ್ಮದು ಹಳೆಯ ಕಾಲ, ಮೋಜು ಕಂಡರಾಗದು" ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ಅಂದುಕೊಳ್ಳುವುದು ನನಗೆ ಕೇಳಿಸುತ್ತಿದೆ. ಗುಬ್ಬಿಯ ನೀರು ಕುಡಿದವನಿಗೆ ಆ ಮಾತನ್ನು ಹೇಳಬೇಡಿ. ನಮ್ಮ ಊರು ಇಡೀ ಕರ್ನಾಟಕಕ್ಕೆ ಮೋಜನ್ನು ಹಂಚಿದ ಊರು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯು ಊರಿಂದೂರಿಗೆ ಡೇರೆ ಹೊತ್ತು ನಡೆದು, ರಾತ್ರಿಯನ್ನು ಜಗಮಗಗೊಳಿಸಿದ್ದು ಏನು ಸಾಮಾನ್ಯವೇ? ವೀರಣ್ಣನವರು ೧೯೩೪ರಲ್ಲಿ 'ಕುರುಕ್ಷೇತ್ರ'ವನ್ನು ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ-ಕುದುರೆಗಳನ್ನೇ ತಂದರು. ಅದಕ್ಕಿಂತ ದೊಡ್ಡ ಅಲಂಕಾರದ ಹುಚ್ಚು ಯಾವ ಹೋಟೆಲಿಗೆ ಸಾಧ್ಯ? ಅವರೂ ವ್ಯಾಪಾರಿಗಳೇ, ಟಿಕೆಟ್ಟಿಲ್ಲದೆ ಒಳಗೆ ಬಿಡುತ್ತಿರಲಿಲ್ಲ. ನಾಟಕಕ್ಕೆ ಹೋದ ಮಗ ಕೆಟ್ಟ ಎಂದು ಅಂದಿನ ಹಿರಿಯರು ಹೇಳುತ್ತಿದ್ದ ಮಾತು ಇಂದಿನ ಹಿರಿಯರು ಬಾರಿನ ಬಗ್ಗೆ ಹೇಳುವುದಕ್ಕಿಂತ ಸೌಮ್ಯವಾಗೇನೂ ಇರಲಿಲ್ಲ. ನನ್ನ ಅಜ್ಜನವರೇ ನನ್ನ ತಂದೆಯವರನ್ನು ಆ ಕಾರಣಕ್ಕೆ ಒಂದು ದಿನ ಮನೆಯ ಹೊರಗೆ ನಿಲ್ಲಿಸಿದ್ದರಂತೆ. ತಂದೆಯವರು ಕದ್ದು ನೋಡಿ ಬಂದದ್ದು ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ'ಯನ್ನು. ಕಳ್ಳನ ಪಾತ್ರದಲ್ಲಿ ವೀರಣ್ಣನವರು. ಬದುಕಿರುವತನಕ ಆ ಕಳ್ಳನ ಮಾತಿನ ವರಸೆಯನ್ನು ಅಣಕಿಸಿ ನಮ್ಮನ್ನು ನಗಿಸುತ್ತಿದ್ದರು.

ಆದರೆ ಡೇರೆಯಲ್ಲಿ ಕುರ್ಚಿಯ ಜೊತೆಗೆ ನೆಲವೂ ಇತ್ತು. ಕುರ್ಚಿಯ ಹಣವಿಲ್ಲದವನು ನೆಲದ ಟಿಕೆಟ್ಟು ಕೊಂಡು, ಹೆಂಡತಿ ಮಕ್ಕಳೊಡನೆ ಚಾಪೆ ಹಾಸಿ ಕುಳಿತು, ಕುರ್ಚಿಯವನು ಕಂಡ ಆನೆಯನ್ನೇ ಕಾಣುತ್ತಿದ್ದ. ಕುರ್ಚಿ-ನೆಲದ ಭೇದ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಭೇದವಿದ್ದ ಕಾಲದಲ್ಲೂ ನೆಲವೊಂದು ಇತ್ತೆಂದಷ್ಟೇ ಹೇಳುತ್ತಿದ್ದೇನೆ. ನಿಮ್ಮ ಹೋಟೆಲಿನಲ್ಲಿ ನೆಲದ ಟಿಕೆಟ್ಟು ಎಲ್ಲಿದೆ?

ಅಲಂಕಾರದ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 'ನಾಸಾ' ಎಂಬ ಪಬ್ಬೊಂದಿತ್ತು, ಒಳಗೆಲ್ಲ ಆಕಾಶನೌಕೆಯ ಹಾಗೆ. ನನ್ನ ಷಡ್ಡಕನ ಮಗ ಆ ಕಾಲದಲ್ಲಿ ಬಂದು ವರ್ಣಿಸಿದಾಗ ನನಗೆ ಬೇಸರವೇನೂ ಆಗಲಿಲ್ಲ. ಆಕಾಶನೌಕೆಯನ್ನು ಅಣಕಿಸಿದರೆ ಯಾರಿಗೂ ನೋವಿಲ್ಲ. ಬಡವರ ಚಡ್ಡಿಯ ಮಾತು ಹಾಗಲ್ಲ. ಅಹಮದಾಬಾದಿನಲ್ಲಿ 'ವಿಶಾಲಾ' ಎಂಬ ಹಳ್ಳಿಯ ಮಾದರಿಯ ಹೋಟೆಲಿದೆ. ೧೯೭೮ರಲ್ಲಿ ಸುರೇಂದ್ರ ಪಟೇಲರು ಕಟ್ಟಿದ್ದು. ಅವರು ಗುಜರಿಗೆ ಹೋಗುತ್ತಿದ್ದ ಹಿತ್ತಾಳೆ-ತಾಮ್ರದ ಪಾತ್ರೆಗಳನ್ನು ಕೊಂಡು ಕೂಡಿಹಾಕಿ, ೧೯೮೧ರಲ್ಲಿ ಹೋಟೆಲಿನ ಆವರಣದಲ್ಲೇ ಪಾತ್ರೆಗಳ ವಸ್ತುಸಂಗ್ರಹಾಲಯವನ್ನೂ ಮಾಡಿದರು. ಅದೂ ವ್ಯಾಪಾರವೇ, ಅಲ್ಲಿಯೂ ಅಲಂಕಾರವೇ. ಆದರೆ ಪಾತ್ರೆ ಯಾವುದು, ಯಾರು ಬಳಸುತ್ತಿದ್ದರು ಎಂದು ತಿಳಿಯುವ ಕಷ್ಟವನ್ನು ತೆಗೆದುಕೊಂಡರು. ನಮ್ಮ ಹೆದ್ದಾರಿಯ ಹೋಟೆಲುಗಳದು ಇನ್ನೊಂದು ದಾರಿ. ೧೯೯೦ರ ದಶಕದಲ್ಲಿ ಡಬ್ಲಿನ್ನಿನಿಂದ ಐರಿಷ್ ಪಬ್ಬುಗಳನ್ನು, ಮೇಜು-ಬೋರ್ಡು-ಹಳೆಯ ಸೈಕಲ್ಲು ಸಮೇತ, ಸಿದ್ಧಮಾಡಿ ದೇಶದೇಶಗಳಿಗೆ ಕಳುಹಿಸುತ್ತಿದ್ದರು. ಗಿನ್ನೆಸ್ ಬಿಯರಿನ ಕಂಪನಿಯ ಬೆಂಬಲ ಅದಕ್ಕಿತ್ತು. ಐರ್ಲೆಂಡನ್ನೇ ಕಾಣದವನಿಗೂ ಐರ್ಲೆಂಡಿನ ನೆನಪು ತಯಾರು! ನಮ್ಮಲ್ಲೂ ಈಗ ಯಾವ ಊರಿನ ಹೋಟೆಲಿಗೆ ಹೋದರೂ ಅದೇ ಚಕ್ರ, ಅದೇ ಲಾಟೀನು, ಅದೇ ಗ್ರಾಮಾಫೋನು.

ಮನೆಗೆ ಮರಳಿದ ಮಾತನ್ನೂ ಹೇಳಿಬಿಡುತ್ತೇನೆ. ನನ್ನನ್ನು ಕಾರಿನಲ್ಲಿ ಬಿಟ್ಟವನು ಕುಡಿದಿರಲಿಲ್ಲ, ಅವನಿಗೆ ಒಳ್ಳೆಯದಾಗಲಿ. ಆದರೆ ಕುಡಿದಿದ್ದ ಇಬ್ಬರು ಒಂದೇ ಬೈಕಿನಲ್ಲಿ ಬಿ.ಎಚ್. ರಸ್ತೆ ಹಿಡಿದು ಗುಬ್ಬಿಯ ಕಡೆಗೆ ಹೊರಟರು. ಎಷ್ಟು ಹೇಳಿದರೂ ಕೇಳಲಿಲ್ಲ. ನೂರು ಮಿಲಿಲೀಟರ್ ರಕ್ತದಲ್ಲಿ ೩೦ ಮಿಲಿಗ್ರಾಂ ಮೀರಿದರೆ ಅಪರಾಧವೆಂದು ಮೋಟಾರು ಕಾಯ್ದೆಯಲ್ಲಿದೆ. ೨೦೧೯ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಹತ್ತು ಸಾವಿರ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಹೆದ್ದಾರಿಯಿಂದ ೫೦೦ ಮೀಟರಿನೊಳಗೆ ಮದ್ಯದಂಗಡಿ ಬೇಡವೆಂದು ಸುಪ್ರೀಂ ಕೋರ್ಟು ೨೦೧೬ರ ಡಿಸೆಂಬರಿನಲ್ಲಿ ಹೇಳಿದ್ದೂ ಇಂಥ ಬೈಕುಗಳ ಕಾರಣಕ್ಕೇ. ಮರುವರ್ಷವೇ ಆ ಆದೇಶ ನಗರದ ಎಲ್ಲೆಯೊಳಗೆ ಅನ್ವಯಿಸದೆಂದಾಯಿತು. ಆ ರಾತ್ರಿ ಹನ್ನೆರಡೂವರೆಗೆ "ತಲುಪಿದ್ವಿ ಸಾರ್" ಎಂಬ ಫೋನು ಬರುವತನಕ ನಾನು ಮಲಗಲಿಲ್ಲ. ಹೆದ್ದಾರಿಯಲ್ಲಿ ಈಗಾಗಲೇ ಒಬ್ಬ ಶಿಷ್ಯನನ್ನು ಕಳೆದುಕೊಂಡವನು ನಾನು.

ಒಂದು ಪ್ರಶ್ನೆಗೆ ಮಾತ್ರ ನನ್ನಲ್ಲಿ ಬಿರುಸಿನ ಉತ್ತರವಿಲ್ಲ. ಹಣ್ಣಿನ ಬುಟ್ಟಿ ತಂದ ಇಬ್ಬರಲ್ಲೊಬ್ಬ ಕೇಳಿದ: "ರಾತ್ರಿ ಏಳರ ಮೇಲೆ ನಾವು ಇನ್ನೆಲ್ಲಿಗೆ ಹೋಗ್ಬೇಕು ಸಾರ್? ನೀವೇ ಹೇಳಿ." ನಿಜ. ಏಳರ ಮೇಲೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ದೀಪ ಉರಿಯುವುದು ಔಷಧಿ ಅಂಗಡಿಯಲ್ಲಿ ಮತ್ತು ಬಾರಿನಲ್ಲಿ. ನಾಟಕದ ಡೇರೆ ಹೋಯಿತು, ಟೂರಿಂಗ್ ಟಾಕೀಸು ಹೋಯಿತು. ತುಮಕೂರಿನಲ್ಲಿ ಗುಬ್ಬಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ. ಅಲ್ಲಿ ಕಡೆಯ ಸಲ ಟಿಕೆಟ್ಟು ಕೊಂಡು ನಾಟಕ ನೋಡಿದ್ದು ಯಾವಾಗ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ನಾನೂ ಕೇಳಿಕೊಂಡೆ, ಉತ್ತರ ಹೇಳಲು ನಾಚಿಕೆಯಾಗುತ್ತದೆ. ಹೋಟೆಲಿನ ಮಾಲೀಕನನ್ನು ಬೈದು ಪ್ರಯೋಜನವಿಲ್ಲ. ಜನಕ್ಕೆ ಸಂಜೆಯೊಂದು ಬೇಕು, ಬೆಳಕು ಬೇಕು, ನಗು ಬೇಕು, ಶುಚಿಯಾದ ಶೌಚಾಲಯ ಬೇಕು ಎಂಬುದನ್ನು ಅವನೊಬ್ಬ ಅರ್ಥ ಮಾಡಿಕೊಂಡ. ಪುರಸಭೆ ಅರ್ಥ ಮಾಡಿಕೊಳ್ಳಲಿಲ್ಲ, ಶಾಲೆ ಅರ್ಥ ಮಾಡಿಕೊಳ್ಳಲಿಲ್ಲ, ನಾವು ಮೇಷ್ಟ್ರುಗಳಂತೂ ಐದು ಗಂಟೆಗೆ ಬೀಗ ಹಾಕಿ ಮನೆಗೆ ಹೊರಡುವುದನ್ನೇ ಶಿಸ್ತೆಂದು ತಿಳಿದೆವು.

ಆದ್ದರಿಂದ ನಾನೊಂದು ಏರ್ಪಾಡು ಮಾಡಿದ್ದೇನೆ. ಶಾಲೆಯ ಈಗಿನ ಮುಖ್ಯೋಪಾಧ್ಯಾಯಿನಿ ಅಂಗಳವನ್ನು ಕೊಡಲು ಒಪ್ಪಿದ್ದಾರೆ. ಆಕೆಯೂ ನನ್ನ ಶಿಷ್ಯೆಯೇ. ಮುಂದಿನ ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕಕ್ಕೆ. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಬರುತ್ತದೆ, ಅದರ ಖರ್ಚು ನನ್ನ ಪಿಂಚಣಿಯದು. ಬಾಗಿಲಲ್ಲಿ ಮುಚ್ಚಿದ ಡಬ್ಬಿಯೊಂದಿರುತ್ತದೆ. ಹಾಕುವವರು ಹಾಕಲಿ, ಹಾಕದವರನ್ನು ಯಾರೂ ನೋಡುವುದಿಲ್ಲ. ಹೆಣ್ಣುಮಕ್ಕಳು ಮನೆಯವರನ್ನೂ ಕರೆತರಬಹುದು. ಶೌಚಾಲಯವನ್ನು ಹಿಂದಿನ ದಿನ ತೊಳೆಸುವ ಹೊಣೆಯನ್ನು, ದಯವಿಟ್ಟು, ಬೆಲೆಬಾಳುವ ಷರಟಿನವನು ಹೊರಬೇಕು. ೧೯೯೦ರ ಶಾಲಾ ವಾರ್ಷಿಕೋತ್ಸವದಲ್ಲಿ ನೀವು 'ಸದಾರಮೆ'ಯ ಒಂದು ದೃಶ್ಯ ಆಡಿದ್ದಿರಿ. ಆವತ್ತು ಕಳ್ಳನಾಗಿದ್ದವನು ಈಗ ಅಡಿಕೆ ಸುಲಿಯುವವನು. ಮಾತುಗಳು ಇನ್ನೂ ಬಾಯಿಗೆ ಬರುತ್ತವಂತೆ. ಫೋನಿನಲ್ಲೇ ಅರ್ಧ ಹೇಳಿ ತೋರಿಸಿದ. ಉಳಿದ ಪಾತ್ರಧಾರಿಗಳು ಅವನೊಡನೆ ಮಾತನಾಡಿಕೊಳ್ಳಲಿ.

ಕುಡಿಯಬೇಕೆನ್ನುವವರು ಎಲ್ಲ ಮುಗಿದ ಮೇಲೆ ತಮ್ಮ ತಮ್ಮ ಜಾಗಕ್ಕೆ ಹೋಗಬಹುದು, ಬೈಕಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು. ಹಾಜರಿಯನ್ನು ಈ ಸಲವೂ ನಾನೇ ಕೂಗುತ್ತೇನೆ.

ಚಡ್ಡಿ ತೊಟ್ಟು ಬಡಿಸಿದ ಆ ಹುಡುಗನ ನಂಬರು ನನ್ನಲ್ಲಿತ್ತು. ಅವನನ್ನೂ ಕರೆದೆ. ಭಾನುವಾರವೇ ಹೆಚ್ಚು ಗಿರಾಕಿಗಳಂತೆ, ರಜೆ ಸಿಗುವುದಿಲ್ಲವಂತೆ.